ಬಿಲದ ಜೇಡಕ್ಕೆ ಯಾವ ಊರು?

ನೆಲ ತೋಡಿ ಬಾಳುವ ಮುಚ್ಚಳದ ಜೇಡದಷ್ಟು ಊರಿಗೆ ಅಂಟಿಕೊಂಡ ಜೀವಿ ಅಪರೂಪ. ಮಣ್ಣಿಗೆ ನೂಲು ಬೆರೆಸಿ ಬಾಗಿಲು ಮಾಡಿ, ನೂಲಿನದೇ ಕೀಲು ಕೂರಿಸಿ, ಹುಳುವಿನ ಹೆಜ್ಜೆ ತಾಗುವ ತನಕ ಅದರ ಹಿಂದೆ ಕೂತಿರುತ್ತದೆ. ಮರಿಗಳೂ ತಾಯಿಯ ಬಿಲದಿಂದ ಕೆಲವೇ ಮಾರು ನಡೆದು ತಮ್ಮದೊಂದು ತೋಡಿಕೊಳ್ಳುತ್ತವೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ 1974ರಲ್ಲಿ ಗುರುತು ಹಾಕಿಟ್ಟ 16ನೇ ನಂಬರಿನ ಹೆಣ್ಣು ಒಂದೇ ಬಿಲದಲ್ಲಿ 43 ವರ್ಷ ಬದುಕಿತು. 2016ರಲ್ಲಿ ನೋಡಿದಾಗ ಮುಚ್ಚಳದಲ್ಲಿ ಕಣಜ ಕೊರೆದ ತೂತು ಇತ್ತು, ಒಳಗೆ ಜೇಡ ಇರಲಿಲ್ಲ.

ಇಂಥವನ್ನು ವಿಂಗಡಿಸುವುದು ಹೇಗೆ? ಮೊದಲ ಗುರುತು ವಿಷದ ಹಲ್ಲು. ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಜೇಡದ ಹಲ್ಲುಗಳು ಇಕ್ಕಳದಂತೆ ಎದುರುಬದುರಾಗಿ ಕೂಡುತ್ತವೆ. ಇವುಗಳದು, ನಮ್ಮ ಮಲೆನಾಡಿನ ದರೆಗಳಲ್ಲಿ ಬಿಲ ಕೊರೆವ ದೊಡ್ಡ ಜೇಡಗಳದೂ ಸೇರಿ, ಜೊತೆಜೊತೆಯಾಗಿ ಕೆಳಕ್ಕೆ ಇಳಿಯುತ್ತವೆ. ಇಷ್ಟು ಸುಲಭ. ಆಮೇಲೆ ತೊಡಕು. ಹೆಣ್ಣುಗಳೆಲ್ಲ ಬಹುಮಟ್ಟಿಗೆ ಒಂದೇ ಥರ ಕಾಣುತ್ತವೆ. ಪ್ರಭೇದವನ್ನು ಖಚಿತವಾಗಿ ಹೇಳಲು ಹೆಚ್ಚಾಗಿ ಗಂಡಿನ ಬಾಯಿಬಳಿಯ ಪುಟ್ಟ ಕಾಲಿನ ತುದಿಯೇ ಬೇಕು. ಗಂಡಾದರೋ ಬೆಳೆದ ಮೇಲೆ ಬಿಲ ಬಿಟ್ಟು ಹೆಣ್ಣನ್ನು ಹುಡುಕುತ್ತ ಅಲೆದು, ಹೆಚ್ಚು ಕಾಲ ಬದುಕದೆ ಸಾಯುತ್ತದೆ. ಸಂಶೋಧಕರು ನೆಲದಲ್ಲಿ ಹೂತಿಟ್ಟ ಲೋಟಕ್ಕೆ ಬೀಳುವುದೂ ಅದೇ. ಮನೆ ಬಿಡದವರ ಕುಲ ಯಾವುದೆಂದು ಮನೆ ಬಿಟ್ಟವನನ್ನು ನೋಡಿ ತೀರ್ಮಾನಿಸಬೇಕು! ವಿಜ್ಞಾನಕ್ಕೆ ಬೇರೆ ದಾರಿಯಿಲ್ಲದಿರಬಹುದು. ನನಗಂತೂ ಇದರಲ್ಲೊಂದು ತಮಾಷೆ ಕಾಣುತ್ತದೆ.

ನಕಾಶೆಯ ಕಥೆ ಇನ್ನೂ ವಿಚಿತ್ರ. ಆಸ್ಟ್ರೇಲಿಯಾದ ಕಾಂಗರೂ ದ್ವೀಪದ ಕಡಲಂಚಿನಲ್ಲಿ ಮೊಗ್ರಿಡ್ಜಿಯಾ ರೈನ್ಬೋವಿ ಎಂಬ ಮುಚ್ಚಳದ ಜೇಡವಿದೆ. ಅದರ ಹತ್ತಿರದ ಬಂಧುಗಳೆಲ್ಲ ಆಫ್ರಿಕಾದಲ್ಲಿ. ನಡುವೆ ಹಿಂದೂ ಮಹಾಸಾಗರ. ಗೊಂಡ್ವಾನ ಭೂಖಂಡ ಒಡೆದಾಗ ಬಂಧುಗಳು ಬೇರೆಬೇರೆಯಾದರು ಎಂದುಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು, ಊರು ಬಿಡದ ಜೇಡಕ್ಕೆ ಆ ವಿವರಣೆ ಒಪ್ಪುತ್ತಲೂ ಇತ್ತು. ಆದರೆ 2017ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ಪ್ರಕಾರ ಇವು ಕವಲೊಡೆದದ್ದು 20 ಲಕ್ಷದಿಂದ 1.6 ಕೋಟಿ ವರ್ಷಗಳ ಹಿಂದೆ. ಆಫ್ರಿಕಾ ಬೇರ್ಪಟ್ಟದ್ದು ಅದಕ್ಕೂ ಎಷ್ಟೋ ಕೋಟಿ ವರ್ಷ ಮೊದಲು. ಮನುಷ್ಯ ಹಡಗಿನಲ್ಲಿ ತಂದಿರಲು ಅವನೇ ಆಗ ಅಲ್ಲಿರಲಿಲ್ಲ. ಉಳಿದದ್ದು ಒಂದೇ ಊಹೆ: ಬೇರು, ಮಣ್ಣು ಹೆಣೆದುಕೊಂಡ ಹೆಂಟೆಯೊಂದು ದಡದಿಂದ ಕಳಚಿ, ಬಿಲಗಳ ಸಮೇತ ತೇಲಿಬಂದಿರಬೇಕು.

ಹಾಗಿದ್ದರೆ ಆ ಜೇಡ ಊರು ಬಿಟ್ಟಿತೆನ್ನಬೇಕೋ, ಊರನ್ನೇ ಹೊತ್ತು ತಂದಿತೆನ್ನಬೇಕೋ? ಕಾಲಿಟ್ಟ ನೆಲವನ್ನು ಅದು ಬಿಟ್ಟಿದ್ದೇ ಇಲ್ಲ. ಇಂದು ಆ ಪ್ರಭೇದ ಆ ದ್ವೀಪದಲ್ಲಲ್ಲದೆ ಬೇರೆಲ್ಲೂ ಸಿಗುವುದಿಲ್ಲ. ಪಟ್ಟಿಗಳಲ್ಲಿ ಅದನ್ನು ಆಸ್ಟ್ರೇಲಿಯಾದ್ದೆಂದೇ ಬರೆಯುತ್ತಾರೆ, ಆಫ್ರಿಕಾದಲ್ಲಿ ಅದರ ವಾರಸುದಾರಿಕೆ ಕೇಳುವವರಿಲ್ಲ.