ವ್ರೀಹಿಯೋ ಯವವೋ

ಪರಸ್ಪರ ಪರಿಚಯವಿಲ್ಲದ ಎರಡು ಯಂತ್ರಗಳು ಅಂತರಜಾಲದ ಬಯಲಿನಲ್ಲಿ ಗೋಪ್ಯವಾಗಿ ಮಾತನಾಡಿಕೊಳ್ಳಬೇಕಾದರೆ, ಆಡಿದ ಮಾತನ್ನು ಗೂಢಲಿಪಿಗೆ ಮಾರ್ಪಡಿಸಿ, ಎದುರಿನ ಯಂತ್ರವು ತಾನು ಹೇಳಿಕೊಳ್ಳುವ ಯಂತ್ರವೇ ಹೌದೆಂಬುದನ್ನು ಪ್ರಮಾಣಪತ್ರದಿಂದ ಪರೀಕ್ಷಿಸುವ ತಂತ್ರಾಂಶವೊಂದು ನಡುವೆ ಇರಲೇಬೇಕು. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಕಡತ, ಪರವೂರಿನಲ್ಲಿರುವ ಮಗಳು ತಾಯಿಗೆ ಬರೆದ ಓಲೆ, ಎಲ್ಲವೂ ಅದನ್ನು ಹಾದು ಹೋಗತಕ್ಕವು. ಇಂಥದನ್ನು ತಂತ್ರಾಂಶ ರಚಿಸುವವರೆಲ್ಲರೂ ತಾವೇ ಬರೆದುಕೊಳ್ಳುವುದಿಲ್ಲ. ಬರೆದುಕೊಳ್ಳಲೂ ಬಾರದು, ಏಕೆಂದರೆ ಗೂಢಲಿಪಿಯ ಶಾಸ್ತ್ರದಲ್ಲಿ ಕಣ್ಣಿಗೆ ಬೀಳದ ತಪ್ಪು ಮಾಡುವುದು ನುರಿತವರಿಗೂ ಸುಲಭ. ಅನ್ಯರು ಶ್ರಮಪಟ್ಟು ಬರೆದು ಲೋಕಕ್ಕೆ ಬಿಟ್ಟುಕೊಟ್ಟ ಲೈಬ್ರರಿಗಳಲ್ಲಿ ಒಂದನ್ನು ಅವರು ಆರಿಸಿಕೊಳ್ಳುತ್ತಾರೆ. ಆ ಆಯ್ಕೆಯ ಹೊತ್ತಿನಲ್ಲಿ ಅವರು ಪಡುವ ಸಂಕಟವು ಮೇಲುನೋಟಕ್ಕೆ ಕಸುಬಿನ ತೊಂದರೆಯಂತೆ ಕಂಡರೂ, ಅದರ ಬೇರು ಧರ್ಮಜಿಜ್ಞಾಸೆಯ ನೆಲದಲ್ಲಿದೆಯೆಂದು ನಾನು ನಂಬಿದ್ದೇನೆ.

2014ನೆಯ ಇಸವಿಯಷ್ಟು ಸ್ಪಷ್ಟವಾಗಿ ಈ ಸಂಕಟವನ್ನು ತೆರೆದು ತೋರಿಸಿದ ವರ್ಷ ಇನ್ನೊಂದಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ, ಆ್ಯಪಲ್ ಸಂಸ್ಥೆಯ ಲೈಬ್ರರಿಯಲ್ಲಿ ಒಂದೇ ಸಾಲು ಎರಡು ಸಲ ಬರೆಯಲ್ಪಟ್ಟಿದ್ದರಿಂದ, ನಡೆಯಬೇಕಾದ ಪರೀಕ್ಷೆಯು ನಡೆಯದೆಯೇ ಉತ್ತೀರ್ಣವೆನಿಸಿಕೊಳ್ಳುತ್ತಿತ್ತೆಂಬುದು ಹೊರಬಿತ್ತು. ಮಾರ್ಚ್ ತಿಂಗಳಿನಲ್ಲಿ ಗ್ನೂಟಿಎಲ್‌ಎಸ್ ಎಂಬ ಲೈಬ್ರರಿಯು ಖೋಟಾ ಪ್ರಮಾಣಪತ್ರವನ್ನು ಸಾಚಾ ಎಂದು ಒಪ್ಪಿಕೊಳ್ಳಬಲ್ಲುದೆಂದು ತಿಳಿಯಿತು. ಏಪ್ರಿಲಿನಲ್ಲಿ, ಜಗತ್ತಿನ ಬಹುಸಂಖ್ಯ ಸರ್ವರುಗಳು ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್‌ನಲ್ಲಿ 'ಹಾರ್ಟ್‌ಬ್ಲೀಡ್' ಎಂದು ಹೆಸರಾದ ದೋಷ ಬಯಲಾಯಿತು: ಹೊರಗಿನವನು ಸಣ್ಣದೊಂದು ಸಂದೇಶವನ್ನು ಕಳಿಸಿ, ಅದರ ಉದ್ದ ಬಹಳವೆಂದು ಸುಳ್ಳು ಹೇಳಿದರೆ, ಆ ಮಾತನ್ನು ಅಳೆದು ನೋಡದೆ ನಂಬಿದ ಲೈಬ್ರರಿಯು, ಪಕ್ಕದಲ್ಲಿದ್ದ ಸ್ಮೃತಿಭಾಗವನ್ನು, ಅದರಲ್ಲಿ ಯಾರ ಪಾಸ್‌ವರ್ಡ್ ಇದ್ದರೂ ಯಾವ ರಹಸ್ಯ ಕೀಲಿ ಇದ್ದರೂ, 64 ಕಿಲೋಬೈಟ್‌ಗಳವರೆಗೆ ಮರಳಿ ಕೊಟ್ಟುಬಿಡುತ್ತಿತ್ತು. 2012ರ ಮಾರ್ಚ್‌ನಲ್ಲಿ ಹೊರಬಂದ ಆವೃತ್ತಿಯಲ್ಲಿಯೇ ಈ ದೋಷ ಸೇರಿಕೊಂಡಿತ್ತು. ಎರಡು ವರ್ಷಗಳ ಕಾಲ ಅದು ಬಹಿರಂಗವಾಗಿ, ಯಾರು ಬೇಕಾದರೂ ಓದಬಹುದಾದ ಕೋಡ್‌ನಲ್ಲಿ, ಓದದೆ ಉಳಿದಿತ್ತು. ನವೆಂಬರ್ ಹೊತ್ತಿಗೆ ಮೈಕ್ರೋಸಾಫ್ಟಿನ ಲೈಬ್ರರಿಯ ಸರದಿಯೂ ಬಂದಿತು.

ಒಂದನ್ನು ತೊರೆದು ಇನ್ನೊಂದನ್ನು ಹಿಡಿದವರ ಪಾಡೇನಾಯಿತು? ಓಪನ್‌ಬಿಎಸ್‌ಡಿ ಎಂಬ ಕಾರ್ಯವ್ಯವಸ್ಥೆಯವರು ಅದೇ ಏಪ್ರಿಲಿನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಕವಲಾಗಿ ಲಿಬ್ರೆಎಸ್‌ಎಸ್‌ಎಲ್ ಅನ್ನು ಆರಂಭಿಸಿ, ಬೇಡದ ಹಳೆಯ ಭಾಗಗಳನ್ನು ಧೈರ್ಯದಿಂದ ಕಡಿದುಹಾಕಿದರು. ಗೂಗಲ್ ಸಂಸ್ಥೆಯು ಬೋರಿಂಗ್‌ಎಸ್‌ಎಸ್‌ಎಲ್ ಎಂಬ ಇನ್ನೊಂದು ಕವಲನ್ನು ಮಾಡಿಕೊಂಡು, ಅದು ತನ್ನ ಅಗತ್ಯಕ್ಕಾಗಿ ಮಾಡಿಕೊಂಡದ್ದೆಂದೂ ಪರರು ಅದನ್ನು ನೆಚ್ಚಿಕೊಳ್ಳಬಾರದೆಂದೂ ಪ್ರಾಮಾಣಿಕವಾಗಿ ಸಾರಿತು. ಲಿಬ್ರೆಎಸ್‌ಎಸ್‌ಎಲ್‌ನ ಶುದ್ಧಿಗೆ ಮನಸೋತು ಹೋದ ಆಲ್ಪೈನ್ ಲಿನಕ್ಸ್‌ನವರು 2019ರಲ್ಲಿಯೂ, ವಾಯ್ಡ್ ಲಿನಕ್ಸ್‌ನವರು 2021ರಲ್ಲಿಯೂ ಓಪನ್‌ಎಸ್‌ಎಸ್‌ಎಲ್‌ಗೇ ಮರಳಿದರು. ಪೈಥಾನ್ ಭಾಷೆಯೂ 2021ರ ತನ್ನ ಆವೃತ್ತಿಯಿಂದ ಲಿಬ್ರೆಎಸ್‌ಎಸ್‌ಎಲ್‌ನ ಬೆಂಬಲವನ್ನು ಕೈಬಿಟ್ಟಿತು. ಮರಳಿದವರಿಗೆ ಮನೆ ನೆಮ್ಮದಿಯಾಗಿತ್ತೆ ಎಂದರೆ ಅದೂ ಅಲ್ಲ. ಅದೇ ವರ್ಷ ಬಂದ ಓಪನ್‌ಎಸ್‌ಎಸ್‌ಎಲ್ 3.0 ಅನೇಕರ ಕೆಲಸವನ್ನು ಮೊದಲಿಗಿಂತ ನಿಧಾನಗೊಳಿಸಿತು.

ಇಂತಹ ಆಯ್ಕೆಯ ಸ್ವರೂಪವನ್ನು ನಮ್ಮಲ್ಲಿ ಅತ್ಯಂತ ಸೂಕ್ಷ್ಮವಾಗಿ ವಿಚಾರಿಸಿದವರು ಮೀಮಾಂಸಕರು. ದರ್ಶಪೂರ್ಣಮಾಸಯಾಗದ ಪುರೋಡಾಶವನ್ನು, ಎಂದರೆ ಆಹುತಿಯ ರೊಟ್ಟಿಯನ್ನು, ವ್ರೀಹಿಯಿಂದ, ಎಂದರೆ ಬತ್ತದಿಂದ ಮಾಡಬಹುದು. ಯವದಿಂದ, ಎಂದರೆ ಜವೆಗೋಧಿಯಿಂದಲೂ ಮಾಡಬಹುದು. ಎರಡಕ್ಕೂ ವೇದದ ಪ್ರಾಮಾಣ್ಯ ಸಮಾನವಾಗಿರುವುದರಿಂದ ವಿಕಲ್ಪವನ್ನು ಒಪ್ಪದೆ ಗತಿಯಿಲ್ಲ. ಆದರೆ ಈ ವಿಕಲ್ಪವು ಎಂಟು ದೋಷಗಳಿಂದ ಕೂಡಿದೆಯೆಂದು ಅವರು ಎಣಿಸಿದರು. ಬತ್ತವನ್ನು ಕೈಗೊಂಡಾಗ, ಯವವಿಧಿಗೆ ಸಹಜವಾಗಿದ್ದ ಪ್ರಾಮಾಣ್ಯವನ್ನು ತ್ಯಜಿಸಿ, ಅದಕ್ಕೆ ಇಲ್ಲದ ಅಪ್ರಾಮಾಣ್ಯವನ್ನು ಕಲ್ಪಿಸಬೇಕಾಗುತ್ತದೆ. ಮುಂದೊಮ್ಮೆ ಯವವನ್ನೇ ಕೈಗೊಂಡಾಗ, ತ್ಯಜಿಸಿದ್ದನ್ನು ಮರಳಿ ಸ್ವೀಕರಿಸಿ, ಕಲ್ಪಿಸಿದ್ದನ್ನು ಅಲ್ಲಗಳೆಯಬೇಕಾಗುತ್ತದೆ. ಹೀಗೆ ಯವದ ಕಡೆಗೆ ನಾಲ್ಕು, ಬತ್ತದ ಕಡೆಗೆ ನಾಲ್ಕು. ದೋಷವಿರುವುದು ಬತ್ತದಲ್ಲಿಯೂ ಅಲ್ಲ, ಯವದಲ್ಲಿಯೂ ಅಲ್ಲ, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ನಮ್ಮ ಮನೋವ್ಯಾಪಾರದಲ್ಲಿಯೇ ಎಂಬ ಈ ವಿಶ್ಲೇಷಣೆಯ ಸತ್ಯವನ್ನು, ಎರಡು ಲೈಬ್ರರಿಗಳ ಗುಣಾವಗುಣಗಳ ಚರ್ಚೆಗೆ ಒಮ್ಮೆ ಕಿವಿಗೊಟ್ಟವರು ಬಲ್ಲರು. ತಾನು ಮೆಚ್ಚಿದ್ದನ್ನು ಸಮರ್ಥಿಸಿಕೊಳ್ಳುವ ಅವಸರದಲ್ಲಿ ಮನುಷ್ಯನು ಬಿಟ್ಟದ್ದರ ಮೇಲೆ ಇಲ್ಲದ ಕೇಡನ್ನು ಹೊರಿಸುತ್ತಾನೆ. ಎರಡು ವರ್ಷ ಕಳೆದ ಮೇಲೆ ಅದರ ಕಡೆಗೇ ತಿರುಗಬೇಕಾಗಿ ಬಂದಾಗ, ತಾನೇ ಹೊರಿಸಿದ್ದನ್ನು ತಾನೇ ಇಳಿಸಬೇಕಾಗುತ್ತದೆ. ಈ ಏರಿಳಿತದಲ್ಲಿ ಕುಂದುವುದು ವಿವೇಚನಾಶಕ್ತಿ.

ಹಾಗಾದರೆ, ಎಲ್ಲದರಲ್ಲಿಯೂ ದೋಷವಿರುವಾಗ ಯಾವುದಾದರೇನೆಂದು ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳಬಹುದೆ? ಭಗವದ್ಗೀತೆಯ 18ನೆಯ ಅಧ್ಯಾಯದ 48ನೆಯ ಶ್ಲೋಕವನ್ನು ಈ ಔದಾಸೀನ್ಯಕ್ಕೆ ಆಧಾರವಾಗಿ ಮುಂದೊಡ್ಡುವವರುಂಟು. ಯಾವ ಕರ್ಮವೂ ನಿರ್ದೋಷವಲ್ಲವೆಂಬುದನ್ನು ಆ ಶ್ಲೋಕ ಒಪ್ಪಿಕೊಳ್ಳುವುದೇನೋ ನಿಜ. ಆದರೆ ಅಲ್ಲಿ ಪ್ರಸ್ತುತವಾದದ್ದು ತನಗೆ ಸಹಜವಾದ ಕರ್ಮವನ್ನು ಬಿಡಬಾರದೆಂಬ ವಿಧಿಯೇ ಹೊರತು, ಆ ಕರ್ಮದ ಸಾಧನಗಳ ವಿಷಯದಲ್ಲಿ ಕಣ್ಣು ಮುಚ್ಚಿಕೊಳ್ಳಬಹುದೆಂಬ ಅಪ್ಪಣೆಯಲ್ಲ. ದೋಷಗಳೆಲ್ಲ ದೋಷಗಳೇ ಆದರೂ ಅವುಗಳ ಭಾರ ಯಾರ ಹೆಗಲ ಮೇಲೆ ಬೀಳುತ್ತದೆಂಬುದರಲ್ಲಿ ಬಹಳ ವ್ಯತ್ಯಾಸವಿದೆ. ವಿವರಣೆ ಸರಿಯಾಗಿಲ್ಲದ ಲೈಬ್ರರಿಯು ಆರಿಸಿಕೊಂಡವರ ನಿದ್ರೆಯನ್ನು ಕೆಡಿಸುತ್ತದೆ; ನಿಧಾನವಾದದ್ದು ಅವರ ಹಣವನ್ನು ತಿನ್ನುತ್ತದೆ; ಆವೃತ್ತಿಗೊಮ್ಮೆ ರೂಪ ಬದಲಿಸುವಂಥದು ಅವರ ಕೆಲಸವನ್ನು ಇಮ್ಮಡಿಗೊಳಿಸುತ್ತದೆ. ಇವನ್ನೆಲ್ಲ ಸಹಿಸುವುದು ತಪಸ್ಸಿನಂತೆ ಸಾಧ್ಯ, ಯೋಗ್ಯವೂ ಹೌದು. ಉದ್ದವನ್ನು ಅಳೆಯದೆ ನಂಬುವ ಲೈಬ್ರರಿಯ ದೋಷವಾದರೋ, ಓಪನ್‌ಎಸ್‌ಎಸ್‌ಎಲ್ ಎಂಬ ಹೆಸರನ್ನೇ ಕೇಳಿರದ, ಆಯ್ಕೆಯಲ್ಲಿ ಯಾವ ಪಾಲೂ ಇರದ ರೋಗಿಯೊಬ್ಬನ ಮೇಲೆ ಬೀಳುತ್ತದೆ. ನಮ್ಮ ಅನುಕೂಲಕ್ಕಾಗಿ ಆ ದೋಷವನ್ನು ಸಹಿಸುತ್ತೇವೆಂದು ಹೇಳುವ ಅಧಿಕಾರ ನಮಗಿಲ್ಲ, ಏಕೆಂದರೆ ಸಹಿಸುವವರು ನಾವಲ್ಲ.

ಇಲ್ಲಿಯೂ ಮೀಮಾಂಸೆ ನೆರವಿಗೆ ಬರುತ್ತದೆ. ಯಾಗಕ್ಕೆ ತಂದ ಬತ್ತ ಕೆಟ್ಟುಹೋದರೆ ಅದನ್ನು ಹೋಲುವ ನೀವಾರವನ್ನು, ಎಂದರೆ ಕಾಡುಬತ್ತವನ್ನು, ಪ್ರತಿನಿಧಿಯಾಗಿ ಬಳಸಬಹುದು. ಆದರೆ ದೇವತೆಗೆ ಪ್ರತಿನಿಧಿಯಿಲ್ಲ, ಮಂತ್ರಕ್ಕಿಲ್ಲ, ಅಗ್ನಿಗೂ ಇಲ್ಲ. ದ್ರವ್ಯವು ಬದಲಾಗಬಹುದು, ಯಾರನ್ನು ಉದ್ದೇಶಿಸಿ ಆಹುತಿಯೋ ಅವರನ್ನು ಬದಲಾಯಿಸುವಂತಿಲ್ಲ. ಲೈಬ್ರರಿಗಳು ದ್ರವ್ಯದ ವರ್ಗಕ್ಕೆ ಸೇರಿದವು. ಅವುಗಳನ್ನು ಬಿಡುವಾಗ ಇಷ್ಟು ನೋಯುವುದೂ ಹಿಡಿಯುವಾಗ ಇಷ್ಟು ಹಿಗ್ಗುವುದೂ ಅನಗತ್ಯ. ತಂತ್ರಾಂಶವನ್ನು ನೆಚ್ಚಿ ತಮ್ಮ ಗುಟ್ಟನ್ನು ಒಪ್ಪಿಸಿದವರ ವಿಶ್ವಾಸವು ದೇವತೆಯ ಸ್ಥಾನದ್ದು. ಅದಕ್ಕೆ ಧಕ್ಕೆ ಬರುವಲ್ಲಿ ಮಾತ್ರ ಕೈಗೊಂಡ ಸಂಕಲ್ಪವನ್ನು ಮುರಿಯುವುದೇ ಧರ್ಮ.

ದೋಷರಹಿತವಾದದ್ದು ಸಿಕ್ಕರೆ ನಮ್ಮ ಹೊಣೆ ಮುಗಿಯಿತೆಂಬ ಒಳಬಯಕೆಯೇ ಈ ಸಂಕಟದ ಮೂಲವೆಂದು ನನ್ನ ತೀರ್ಮಾನ. ಲೈಬ್ರರಿಯನ್ನು ಕೊಡುವವರು ಯಾವ ಭರವಸೆಯೂ ಇಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಕೊಡುತ್ತಿರುವೆವೆಂದು ಪರವಾನಗಿಯಲ್ಲಿಯೇ ಬರೆದಿರುತ್ತಾರೆ. ಅದನ್ನು ಸ್ವೀಕರಿಸಿದವರು ಋಣಿಗಳಾದರು. ದೇವಋಣ, ಋಷಿಋಣ, ಪಿತೃಋಣವೆಂದು ಮೂರನ್ನು ಹೇಳುವಲ್ಲಿ ನಮ್ಮ ಪ್ರಾಚೀನರು ಋಷಿಋಣವನ್ನು ತೀರಿಸುವ ಮಾರ್ಗ ಅಧ್ಯಯನವೆಂದರು. ಪಡೆದ ವಿದ್ಯೆಯನ್ನು ಓದುತ್ತ, ಕಾಯುತ್ತ ಇರುವುದೇ ಆ ಋಣದ ಸಂದಾಯ. ಹಾರ್ಟ್‌ಬ್ಲೀಡ್ ಆದ ಮೇಲೆ ಲಿನಕ್ಸ್ ಫೌಂಡೇಶನ್ ದೊಡ್ಡ ದೊಡ್ಡ ಸಂಸ್ಥೆಗಳನ್ನು ಒಟ್ಟುಗೂಡಿಸಿ, ಓಪನ್‌ಎಸ್‌ಎಸ್‌ಎಲ್‌ನಂಥವುಗಳನ್ನು ನೋಡಿಕೊಳ್ಳುವವರಿಗೆ ವೇತನದ ವ್ಯವಸ್ಥೆ ಮಾಡಿದ್ದು ಈ ಸಂದಾಯದ ಒಂದು ಭಾಗ. ಇನ್ನೊಂದು ಭಾಗವು ಹಣದಿಂದ ಆಗತಕ್ಕದ್ದಲ್ಲ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಲೈಬ್ರರಿಯ ಪಾಲಕರ ನಂಬಿಕೆಯನ್ನು ಎರಡು ವರ್ಷಕ್ಕೂ ಮೀರಿದ ಸಹಾಯದಿಂದ ಸಂಪಾದಿಸಿದ ಅಪರಿಚಿತನೊಬ್ಬನು ಅದರ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಕಳ್ಳಬಾಗಿಲನ್ನು ಇರಿಸಿದ್ದನು. ಲೈಬ್ರರಿಯನ್ನು ಆರಿಸಿಕೊಳ್ಳುವಾಗ ನಡೆಸುವ ಯಾವ ತುಲನೆಯೂ ಅದನ್ನು ಹಿಡಿಯುತ್ತಿರಲಿಲ್ಲ. ಹಿಡಿದವರು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರರು. ಅವರ ಕ್ಷೇತ್ರ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್. ಎಕ್ಸ್‌ಝಡ್ ಅವರು ಬರೆದದ್ದೂ ಅಲ್ಲ, ಅವರ ಪಾಲನೆಗೆ ಒಪ್ಪಿಸಿದ್ದೂ ಅಲ್ಲ. ತಮ್ಮ ಯಂತ್ರಕ್ಕೆ ಲಾಗಿನ್ ಆಗುವುದು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಗಮನಿಸಿ, ಅದೇಕೆಂದು ಬೆನ್ನುಹತ್ತಿ, ಕಂಡದ್ದನ್ನು 2024ರ ಮಾರ್ಚ್ 29ರಂದು ಲೋಕಕ್ಕೆ ತಿಳಿಸಿದರು.