ನೆಲದೊಳಗಿನ ನೀರು ಯಾರ ಸೊತ್ತು?

ತನ್ನ ಭೂಮಿಯ ಕೆಳಗಣ ನೀರು ತನ್ನದೇ ಎಂಬುದು ಲೋಕದ ನಂಬಿಕೆ. 1882ರ ಅನುಭೋಗದ ಹಕ್ಕುಗಳ ಶಾಸನವೂ ಅದನ್ನೇ ಪುಷ್ಟೀಕರಿಸಿತು. ಆದರೆ ಜಲಕ್ಕೆ ಬೇಲಿಯುಂಟೆ?

ನಿತ್ಯವಾಹಿನಿಯಾದ ನದಿಯಿಲ್ಲದ ಕೋಲಾರದ ಸೀಮೆಯು ಕೆರೆಗಳನ್ನು ನಂಬಿ ಬಾಳಿತು. ನೀರಗಂಟಿಯು ತೂಬನ್ನೆತ್ತಿ ಸರದಿಯಂತೆ ನೀರನ್ನು ಹಂಚುತ್ತಿದ್ದನು. ಆ ಹಂಚಿಕೆಯಲ್ಲಿ ಪಕ್ಷಪಾತವಿರಲಿಲ್ಲವೆಂದಲ್ಲ. ಇದ್ದರೆ ಅದು ಹತ್ತು ಜನರ ಕಣ್ಣಿಗೆ ಬೀಳುತ್ತಿತ್ತು. ಕೊಳವೆಬಾವಿಗಳು ಬಂದ ಮೇಲೆ ಕೆರೆಗಳಲ್ಲಿ ಹೂಳು ತುಂಬಿತು. ಕೊರೆತವು ಸಾವಿರ ಅಡಿಗಳನ್ನೂ ಮೀರಿತು. ಧನಿಕನು ಆಳಕ್ಕೆ ಕೊರೆದಷ್ಟೂ ನೆರೆಯ ಬಡವನ ತೋಡುಬಾವಿ ಬತ್ತುವುದು. ಅವನನ್ನು ಕಳ್ಳನೆಂದು ಯಾರೂ ಕರೆಯರು; ಇವನು ಕಳೆದುಕೊಂಡದ್ದು ಮಾತ್ರ ದಿಟ.

2011ರ ಕರ್ನಾಟಕದ ಅಂತರ್ಜಲ ಶಾಸನವು ಗೊತ್ತುಪಡಿಸಿದ ಪ್ರದೇಶಗಳಲ್ಲಿ ಬಾವಿಗೆ ಅನುಮತಿಯನ್ನು ವಿಧಿಸಿತು. ಆದರೂ ಪ್ರತಿಯೊಂದು ಬಾವಿಯ ಬಳಿಯೂ ಅಧಿಕಾರಿಯು ಕಾದಿರಲಾರನು. ಕೊರೆಯಿಸುವವನು ಮೊದಲು ನೆರೆಯವನ ಬಾವಿಯನ್ನು ಇಣಿಕಿ ನೋಡಲಿ. ಧರ್ಮವು ಅಲ್ಲಿಂದಲೇ ಆರಂಭವಾಗತಕ್ಕದ್ದು.