ಸರ್ಪಸುತ್ತೂ ವೈದ್ಯವಿವೇಕವೂ

ರೋಗಗಳಿಗೆ ಜನರು ಇಟ್ಟ ಹೆಸರುಗಳಲ್ಲಿ ಅವರ ಭಯವೂ ತತ್ತ್ವಜ್ಞಾನವೂ ಒಟ್ಟಿಗೆ ಅಡಗಿರುತ್ತವೆ. ಚಿಕ್ಕೋಡಿ-ನಿಪ್ಪಾಣಿ ಸೀಮೆಯ ಬೋರಗಾಂವದಂಥ ಗಡಿಯೂರಿನಲ್ಲಿ ಮೈಯ ಒಂದು ಪಕ್ಕಕ್ಕೆ ಪಟ್ಟಿಯಂತೆ ಉರಿಯುವ ಬೊಕ್ಕೆಗಳೆದ್ದರೆ ಕನ್ನಡಿಗನು ಅದನ್ನು ‘ಸರ್ಪಸುತ್ತು’ ಎನ್ನುವನು. ನೆರೆಮನೆಯ ಮರಾಠಿಗನು ‘ನಾಗೀಣ’ ಎನ್ನುವನು. ಪಾಶ್ಚಾತ್ಯ ವೈದ್ಯರು ಇದಕ್ಕೆ ‘ಹರ್ಪಿಸ್ ಝೋಸ್ಟರ್’ ಎಂದು ಹೆಸರಿಟ್ಟಿದ್ದಾರೆ. ಆ ಮೊದಲ ಗ್ರೀಕ ಶಬ್ದದ ಧಾತುವಿಗೆ ತೆವಳುವುದೆಂಬ ಅರ್ಥ. ಅದು ಸಂಸ್ಕೃತದ ‘ಸೃಪ್’ ಧಾತುವಿನ ಒಡಹುಟ್ಟು. ಸರ್ಪವೆಂಬ ಹೆಸರೂ, ಚರಕಸಂಹಿತೆಯಲ್ಲಿ ಬಂದಿರುವ ‘ವಿಸರ್ಪ’ವೆಂಬ ಚರ್ಮವ್ಯಾಧಿಯ ಹೆಸರೂ ಅದೇ ಧಾತುವಿನಿಂದ ಹುಟ್ಟಿದವು. ‘ಝೋಸ್ಟರ್’ ಎಂದರೆ ನಡುಪಟ್ಟಿ. ಹೀಗೆ ಗ್ರೀಕನು ಎರಡು ಶಬ್ದಗಳಲ್ಲಿ ಹೇಳಿದುದನ್ನೇ ಕನ್ನಡದ ಒಕ್ಕಲಿಗನು ಒಂದೇ ಸಮಾಸದಲ್ಲಿ ಹೇಳಿದ್ದಾನೆ. ಹೆಸರಿನಲ್ಲಿ ಇಷ್ಟು ಐಕಮತ್ಯವಿದ್ದರೂ ಚಿಕಿತ್ಸೆಯಲ್ಲಿ ಅದಿಲ್ಲ. ಯಾವ ವೈದ್ಯನ ಬಾಗಿಲಿಗೆ ಹೋಗತಕ್ಕದ್ದೆಂಬ ಪ್ರಶ್ನೆಯು ಮೇಲುನೋಟಕ್ಕೆ ಔಷಧದ ಪ್ರಶ್ನೆಯೆಂದು ಕಂಡರೂ, ಒಳಹೊಕ್ಕು ನೋಡಿದರೆ ಅದು ಸತ್ಯಾಸತ್ಯಗಳ ಪ್ರಶ್ನೆಯೇ ಆಗಿರುತ್ತದೆ.

ಈ ವ್ಯಾಧಿಯ ಕಾರಣವು ಈಗ ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿದುಬಂದಿದೆ. ಬಾಲ್ಯದಲ್ಲಿ ಸೀತಾಳೆ ಸಿಡುಬನ್ನುಂಟುಮಾಡಿದ ವೈರಸ್ಸು ಸಿಡುಬು ಮಾಗಿದ ಮೇಲೆ ಶರೀರವನ್ನು ಬಿಟ್ಟುಹೋಗದೆ ಬೆನ್ನೆಲುಬಿನ ಮಗ್ಗುಲಿನ ನರಗಂಟುಗಳಲ್ಲಿ ಅಡಗಿ ಹತ್ತಾರು ವರ್ಷ ನಿದ್ರಿಸುತ್ತದೆ; ಮುಪ್ಪಿನಿಂದಲೋ ಬೇರೊಂದು ಬೇನೆಯಿಂದಲೋ ದೇಹದ ಕಾವಲು ಸಡಿಲಾದಾಗ ಎಚ್ಚತ್ತು, ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಈ ನರಗಂಟುಗಳಲ್ಲಿಯ ವಿಕಾರವನ್ನು 1900ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ವೈದ್ಯರಿಬ್ಬರು ತೋರಿಸಿಕೊಟ್ಟರು. ಇಂಗ್ಲಂಡದ ಸಿರೆನ್‌ಸೆಸ್ಟರ್ ಎಂಬ ಸಣ್ಣ ಪಟ್ಟಣದಲ್ಲಿ ಸಾಮಾನ್ಯ ವೈದ್ಯನಾಗಿದ್ದ ಎಡ್ಗರ್ ಹೋಪ್-ಸಿಂಪ್ಸನ್ನನು ತನ್ನ ರೋಗಿಗಳನ್ನು 16 ವರ್ಷ ಗಮನಿಸಿ, ಮಲಗಿದ ವೈರಸ್ಸು ಮರಳಿ ಏಳುವ ಬಗೆಯನ್ನು 1965ರಲ್ಲಿ ವಿವರಿಸಿದನು.

ಹಾವಿನ ತಲೆಯೂ ಬಾಲವೂ ಕೂಡಿದರೆ ಮನುಷ್ಯನು ಉಳಿಯನೆಂಬ ನಂಬಿಕೆಯು ಈ ಸೀಮೆಯಲ್ಲಿ ಬಲವಾಗಿದೆ. ಆದುದರಿಂದ ಬೊಕ್ಕೆಗಳ ಎರಡೂ ತುದಿಗೆ ಕೆಮ್ಮಣ್ಣಿನ ಗೆರೆಯೆಳೆದು ಹಾವನ್ನು ಕಟ್ಟುವುದುಂಟು. ಪ್ರತಿಯೊಂದು ನರವೂ ಮೈಯ ಒಂದೇ ಅರ್ಧವನ್ನು ಆಳುವುದರಿಂದ ಆ ಪಟ್ಟಿಯು ನಡುಗೆರೆಯ ಹತ್ತಿರ ತಾನಾಗಿಯೇ ನಿಲ್ಲುತ್ತದೆ. ತಲೆ-ಬಾಲಗಳು ಕೂಡುವ ಪ್ರಸಂಗವು ಬರುವುದೇ ಅಪರೂಪ. ನಿಂತದ್ದು ನರದ ಮೇರೆಯಿಂದ. ಕೀರ್ತಿ ಬಂದದ್ದು ಕೆಮ್ಮಣ್ಣಿಗೆ. ಇದಕ್ಕೂ ಹೆಚ್ಚಿನ ಕೇಡೆಂದರೆ, ಹಿಂದಿನ ಜನ್ಮದಲ್ಲಿ ಹಾವನ್ನು ಕೊಂದ ಪಾಪದ ಫಲವಿದೆಂದು ನೊಂದವನ ಮೇಲೆ ಮತ್ತೊಂದು ಹೊರೆ ಹೊರಿಸುವುದು. ವೇದಾಂತಿಗಳು ಭ್ರಮೆಗೆ ದೃಷ್ಟಾಂತವಾಗಿ ಹಗ್ಗದಲ್ಲಿ ಕಂಡ ಹಾವನ್ನು ಹೇಳುವರು. ಇಲ್ಲಿ ನರವೇ ಹಗ್ಗವಾಗಿದೆ.

ಬೋರಗಾಂವದಲ್ಲಿ ತಂಬಾಕು-ಕಬ್ಬುಗಳ ಬೇಸಾಯದ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಲಿ. ಎಪ್ಪತ್ತು ವರ್ಷದ ತಾಯಿಯ ಪಕ್ಕೆಯಲ್ಲಿ ಎರಡು ದಿನ ಉರಿಯಿದ್ದು ಮೂರನೆಯ ದಿನ ಬೊಕ್ಕೆಗಳೆದ್ದಿವೆ. ಹಿರಿಯ ಮಗನು ನಿಪ್ಪಾಣಿಯ ಡಾಕ್ಟರರ ಕಡೆಗೆ ಕರೆದೊಯ್ಯಬೇಕೆನ್ನುತ್ತಾನೆ. ಕಿರಿಯನು, ಆ ಗುಳಿಗೆಗಳು ಉಷ್ಣವೆಂದೂ, ರೋಗವನ್ನು ಒಳಕ್ಕೆ ದಬ್ಬುವವೆಂದೂ, ಹೋಮಿಯೋಪಥಿಯ ಸಕ್ಕರೆಯ ಹರಳುಗಳು ಬೇರುಸಹಿತ ಕೀಳುವವೆಂದೂ ವಾದಿಸುತ್ತಾನೆ. ಇಬ್ಬರಿಗೂ ತಾಯಿಯ ಮೇಲೆ ಸಮಾನವಾದ ಪ್ರೀತಿ. ತಾಯಿಯಂತೂ, ಮಕ್ಕಳು ಜಗಳಾಡದಿದ್ದರೆ ಸಾಕೆಂದು ಗೋಡೆಯ ಕಡೆಗೆ ಹೊರಳುತ್ತಾಳೆ. ಈ ಮನೆಯಲ್ಲಿ ಧರ್ಮವು ಯಾರ ಪಕ್ಷದಲ್ಲಿದೆ?

ಹಿರಿಯನ ಪಕ್ಷವನ್ನು ಮೊದಲು ನೋಡಬೇಕು. ಎಸೈಕ್ಲೋವಿರ್ ಎಂಬ ಔಷಧವು 1970ರ ದಶಕದಲ್ಲಿ ಸಿದ್ಧವಾಯಿತು. ಅದರ ಶೋಧದಲ್ಲಿ ಭಾಗಿಯಾಗಿದ್ದ ಗರ್ಟ್ರೂಡ್ ಎಲಿಯನ್ ಎಂಬ ವಿದುಷಿಗೆ 1988ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ವೈರಸ್ಸು ಹೊಕ್ಕ ಜೀವಕಣದೊಳಗೆ ಮಾತ್ರ, ಆ ವೈರಸ್ಸಿನ ಉಪಕರಣದಿಂದಲೇ ಇದು ಚುರುಕುಗೊಂಡು, ಅದರ ವಂಶವೃದ್ಧಿಯನ್ನು ತಡೆಯುತ್ತದೆ. ಆದರೆ ಬೊಕ್ಕೆಗಳೆದ್ದ 72 ತಾಸುಗಳೊಳಗೆ ಆರಂಭಿಸಿದರೆ ಇದರ ಗುಣವು ಹೆಚ್ಚು. ಹುಣ್ಣು ಬೇಗ ಮಾಯುತ್ತದೆ, ನೋವು ತಗ್ಗುತ್ತದೆ. ಇದರ ಮಿತಿಯನ್ನೂ ಮುಚ್ಚಿಡಬಾರದು: ನರಗಂಟಿನಲ್ಲಿ ಮಲಗಿದ ವೈರಸ್ಸನ್ನು ಇದು ಕೀಳಲಾರದು; ಮುದುಕರಲ್ಲಿ ಹುಣ್ಣು ಮಾಯ್ದ ಮೇಲೆಯೂ ತಿಂಗಳುಗಟ್ಟಲೆ ಉಳಿಯುವ ನರವೇದನೆಯನ್ನು ತಪ್ಪಿಸುವೆನೆಂದು ಖಂಡಿತ ಮಾತು ಕೊಡಲಾರದು; ಮೂತ್ರಪಿಂಡದ ದೋಷವಿದ್ದವರಿಗೆ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ.

ಕಿರಿಯನ ಪಕ್ಷವೂ ಹಾಸ್ಯಕ್ಕೆ ತಕ್ಕುದಲ್ಲ. ಜರ್ಮನಿಯ ಹಾನಿಮನ್ನನು 1796ರಲ್ಲಿ ತನ್ನ ಸಿದ್ಧಾಂತವನ್ನು ಮುಂದಿಟ್ಟಾಗ, ಆ ಕಾಲದ ವೈದ್ಯರು ರಕ್ತ ಹರಿಸಿ, ಪಾದರಸ ತಿನ್ನಿಸಿ ರೋಗಿಗಳನ್ನು ಹಣ್ಣು ಮಾಡುತ್ತಿದ್ದರು. ಅವನ ಔಷಧವು ಏನನ್ನೂ ಕೆಡಿಸದೆ ಇದ್ದುದೇ ದೊಡ್ಡ ಉಪಕಾರವಾಗಿತ್ತು. ಕಲಕತ್ತೆಯ ಮಹೇಂದ್ರಲಾಲ ಸರಕಾರರಂಥ ವಿಜ್ಞಾನಪ್ರೇಮಿಗಳು 1867ರಲ್ಲಿ ಲೋಕಾಪವಾದಕ್ಕಂಜದೆ ಆ ಪಂಥವನ್ನು ಸೇರಿದರು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರರು 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ತೆರೆದರು. ಅವರ ಕರುಣೆಯನ್ನು ಯಾರು ಅಲ್ಲಗಳೆಯಬಲ್ಲರು? ಇಂದಿಗೂ ಆ ಪಂಥದ ಅನೇಕ ವೈದ್ಯರು ರೋಗಿಯನ್ನು ಕೂಡ್ರಿಸಿ, ಅವನ ನಿದ್ರೆ, ಹಸಿವು, ದುಃಖಗಳನ್ನೆಲ್ಲ ಕೇಳುತ್ತಾರೆ. ದೊಡ್ಡ ಆಸ್ಪತ್ರೆಯಲ್ಲಿ ಎರಡು ನಿಮಿಷಕ್ಕೆ ಹೊರಬೀಳುವ ರೋಗಿಗೆ ಈ ಕೇಳುವಿಕೆಯೇ ಅಮೃತವೆನಿಸಿದರೆ ಆಶ್ಚರ್ಯವೇನು?

ಆದರೆ ಕರುಣೆಯು ಬೇರೆ, ಪ್ರಮಾಣವು ಬೇರೆ. ಸರ್ಪಸುತ್ತಿಗೆ ಆ ಪಂಥದವರು ರಸ್ ಟಾಕ್ಸ್, ಮೆಜೇರಿಯಮ್ ಮುಂತಾದವುಗಳನ್ನು ಕೊಡುವರು. ಮೂವತ್ತನೆಯ ಶತಾಂಶಕ್ರಮದ ಔಷಧವೆಂದರೆ, ಒಂದು ಭಾಗವನ್ನು ತೊಂಬತ್ತೊಂಬತ್ತು ಭಾಗ ದ್ರವದಲ್ಲಿ ಬೆರೆಸುವ ಕ್ರಿಯೆಯನ್ನು ಮೂವತ್ತು ಸಲ ಮಾಡಿದ್ದು. ಅಂದರೆ ಒಂದರ ಮುಂದೆ ಅರವತ್ತು ಸೊನ್ನೆಗಳಷ್ಟು ತೆಳುಪು. ಹನ್ನೆರಡನೆಯ ಸಲದ ಸುಮಾರಿಗೇ ಮೂಲದ್ರವ್ಯದ ಒಂದು ಅಣುವೂ ಉಳಿಯುವ ಸಂಭವವಿಲ್ಲದಾಗುವುದೆಂದು ರಸಾಯನಶಾಸ್ತ್ರದ ಗಣಿತವು ಹೇಳುತ್ತದೆ. ಆಸ್ಟ್ರೇಲಿಯದ ರಾಷ್ಟ್ರೀಯ ವೈದ್ಯಕೀಯ ಸಂಶೋಧನ ಮಂಡಲವು ಪರೀಕ್ಷೆಗಳನ್ನೆಲ್ಲ ತೂಗಿನೋಡಿ, ಹೋಮಿಯೋಪಥಿಯು ಫಲಕಾರಿಯೆಂದು ನಂಬತಕ್ಕ ಆಧಾರವು ಯಾವ ವ್ಯಾಧಿಯ ವಿಷಯದಲ್ಲಿಯೂ ದೊರೆಯಲಿಲ್ಲವೆಂದು 2015ರಲ್ಲಿ ನಿರ್ಣಯಿಸಿತು.

ಹಾಗಾದರೆ ಗುಣವಾದೆವೆಂದು ಹೇಳುವ ನೂರಾರು ಜನರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಅವರು ಗುಣವಾದುದೂ ನಿಜ, ಹರಳುಗಳನ್ನು ನುಂಗಿದುದೂ ನಿಜ. ಒಂದರಿಂದ ಇನ್ನೊಂದಾಯಿತೆಂಬುದೇ ಸಂದೇಹಾಸ್ಪದ. ಸರ್ಪಸುತ್ತಿನ ಬೊಕ್ಕೆಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ತಾವಾಗಿಯೇ ಮಾಯುತ್ತವೆ. ಕಾಗೆ ಕೂಡ್ರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಒದಗಿದ ಹೊಂದಾಣಿಕೆಯನ್ನು ತಾರ್ಕಿಕರು ಕಾಕತಾಲೀಯವೆಂದರು. ಬೀಳಲಿದ್ದ ಹಣ್ಣಿನ ಕೆಳಗೆ ಯಾವ ಕಾಗೆಯನ್ನು ಕೂಡ್ರಿಸಿದರೂ ಅದಕ್ಕೆ ಬಿರುದು ತಪ್ಪದು.

ಇಲ್ಲಿ ಒಂದು ಆಕ್ಷೇಪವು ಬರುತ್ತದೆ: ಹರಳುಗಳಿಂದ ಕೇಡಿಲ್ಲವಷ್ಟೆ; ಮುದುಕಿಯ ಸಮಾಧಾನವನ್ನೇಕೆ ಕಸಿದುಕೊಳ್ಳಬೇಕು? ಇದಕ್ಕೆ ಉತ್ತರವು 72 ತಾಸುಗಳಲ್ಲಿದೆ. ಹರಳಿನಲ್ಲಿ ವಿಷವಿಲ್ಲ, ಕಾಯುವಿಕೆಯಲ್ಲಿ ವಿಷವಿದೆ. ಬೊಕ್ಕೆಗಳು ಹಣೆಗೋ ಮೂಗಿನ ತುದಿಗೋ ಎದ್ದಾಗ ಕಣ್ಣಿಗೆ ಅಪಾಯವಿರುವುದರಿಂದ ಒಂದು ದಿನದ ತಡವೂ ದೃಷ್ಟಿಯ ಬೆಲೆಯನ್ನು ಕೇಳಬಹುದು. ಇದಲ್ಲದೆ, ಮನುಷ್ಯನು ತನ್ನ ಶರೀರದ ಮೇಲೆ ತಾನು ಪ್ರಯೋಗ ಮಾಡಿಕೊಳ್ಳಲು ಸ್ವತಂತ್ರನು. ಮತ್ತೊಬ್ಬರ ಸಲುವಾಗಿ ಆರಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ತಾಯಿಯ ನೋವಿನಿಂದ ತನ್ನ ಮತದ ಸಾಲವನ್ನು ತೀರಿಸುವ ಹಕ್ಕು ಮಗನಿಗೆಲ್ಲಿಯದು? ವೈರಸ್ಸಿನ ಔಷಧವನ್ನು ವೇಳೆಗೆ ಸರಿಯಾಗಿ ಕೊಟ್ಟು, ಆ ಮೇಲೆ ಅವಳು ಬಯಸಿದರೆ ಹರಳುಗಳನ್ನೂ ಕೊಡಲಿ, ದೇವರ ಅಂಗಾರವನ್ನೂ ಹಚ್ಚಲಿ, ಅದರಲ್ಲಿ ಅಧರ್ಮವಿಲ್ಲ.

ಹರ್ಪಿಸ್ ಕುಲದ ಇನ್ನೊಂದು ಶಾಖೆಯು ತುಟಿಯ ಮೇಲೂ ಗುಹ್ಯಭಾಗದಲ್ಲಿಯೂ ಪದೇ ಪದೇ ಹುಣ್ಣೆಬ್ಬಿಸುತ್ತದೆ. ಸರ್ಪಸುತ್ತಿನವನಿಗೆ ನೋವಿದ್ದರೆ ಇವನಿಗೆ ನಾಚಿಕೆ. ಆದರೆ ಜಗತ್ತಿನಲ್ಲಿ 50 ವರ್ಷದೊಳಗಿನ ನೂರಕ್ಕೆ 64 ಜನರಲ್ಲಿ ಇದರ ಮೊದಲನೆಯ ಜಾತಿಯು ನೆಲೆಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಷ್ಟು ಜನರಲ್ಲಿರುವುದು ಶೀಲದ ಕುರುಹು ಆಗಲಾರದು. ಈ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡು ಬುಡಸಹಿತ ಕೀಳುವೆನೆಂದು ಹಣ ಸುಲಿಯುವವನು ಯಾವ ಪಂಥದವನಾದರೂ ವೈದ್ಯನಲ್ಲ. ಆಯುರ್ವೇದದ ಆಚಾರ್ಯರು ವ್ಯಾಧಿಗಳನ್ನು ವಿಂಗಡಿಸುವಾಗ ಸಾಧ್ಯ ಅಸಾಧ್ಯಗಳಲ್ಲದೆ ‘ಯಾಪ್ಯ’ವೆಂಬುದನ್ನೂ ಹೇಳಿದ್ದಾರೆ: ಕೀಳಲಾಗದಿದ್ದರೂ ಔಷಧ-ಪಥ್ಯಗಳಿಂದ ಅಂಕೆಯಲ್ಲಿಡಬಹುದಾದ ವ್ಯಾಧಿಯದು. ಈ ಹರ್ಪಿಸ್ಸು ನಿಜವಾಗಿ ಯಾಪ್ಯವು. ನಿತ್ಯವೂ ಔಷಧ ಸೇವಿಸುವವರಲ್ಲಿ ಹುಣ್ಣು ಮರುಕಳಿಸುವುದು ಬಹಳ ಕಡಿಮೆಯಾಗುತ್ತದೆ. ಗುಹ್ಯಭಾಗದ ಹರ್ಪಿಸ್ಸಿನಲ್ಲಿ ಬಾಳಸಂಗಾತಿಗೆ ಅದು ಅಂಟುವ ಸಂಭವವೂ ಸುಮಾರು ಅರ್ಧಕ್ಕಿಳಿಯುವುದೆಂದು 2004ರ ಒಂದು ಪರೀಕ್ಷೆಯು ತೋರಿಸಿತು. ಆದುದರಿಂದ ಬೇರು ಕಿತ್ತಿತೆಂಬ ಸುಳ್ಳು ಭರವಸೆಯು ರೋಗಿಯೊಬ್ಬನಿಗೇ ಅಲ್ಲ, ಅವನನ್ನು ನಂಬಿದ ಹೆಂಡತಿಗೂ ಮಾಡುವ ದ್ರೋಹವಾಗುತ್ತದೆ.

ಸಾಧ್ಯವನ್ನು ಅಸಾಧ್ಯವೆಂದು ಕೈಬಿಡುವುದು ಹೇಡಿತನ. ಯಾಪ್ಯವನ್ನು ಸಾಧ್ಯವೆಂದು ಹೇಳುವುದು ವಂಚನೆ. ಯಾಪ್ಯವನ್ನು ಯಾಪ್ಯವೆಂದೇ ತಿಳಿದು ಅದರೊಡನೆ ಮರ್ಯಾದೆಯಿಂದ ಬಾಳುವುದು ವಿವೇಕ. ಡಾಕ್ಟರರು ರೋಗಿಯ ಮಾತನ್ನು ಕೇಳಲು ಹೋಮಿಯೋಪಥಿಯವರಿಂದ ಕಲಿಯಲಿ. ಹೋಮಿಯೋಪಥಿಯವರು ಸರ್ಪಸುತ್ತನ್ನು ಕಂಡ ದಿನವೇ ರೋಗಿಯನ್ನು ಡಾಕ್ಟರರ ಕಡೆಗೆ ಕಳುಹಿಸಲು ಕಲಿಯಲಿ. ಬೋರಗಾಂವದ ಆ ತಾಯಿಗೆ ಬೇಕಾದುದು ಗೆದ್ದ ಮಗನಲ್ಲ. ಮೂರನೆಯ ದಿನದ ಸಂಜೆಯೊಳಗೆ ಗಾಡಿ ಹೂಡುವ ಮಗ, ರಾತ್ರಿ ಹಾಸಿಗೆಯ ಹತ್ತಿರ ಕುಳಿತು ಅವಳ ಮಾತು ಕೇಳುವ ಮಗ. ಅಣ್ಣತಮ್ಮಂದಿರು ಈ ಎರಡು ಕೆಲಸಗಳನ್ನು ಹಂಚಿಕೊಂಡರೆ ವಾದವು ತಾನಾಗಿಯೇ ತೀರುವುದು.